ಕೈತುಂಬ ಆರ್ಡರ್ ಇದೆ, ಕೈಯಲ್ಲಿ ದುಡ್ಡು ನಿಲ್ತಿಲ್ಲ

ಪತ್ರ:

ಮೇಡಂ, ನಂಗೆ 36 ವರ್ಷ. ಆಫೀಸ್ ಕೆಲಸ ಬಿಟ್ಟು ಎರಡೂವರೆ ವರ್ಷ ಆಯ್ತು, ಈಗ ಸ್ವಂತ ಮರಗೆಲಸದ ವರ್ಕ್‌ಶಾಪ್ ನಡೆಸ್ತಿದೀನಿ, ಹೆಚ್ಚು ಕಮ್ಮಿ ಒಬ್ಬನೇ. ಚಿಕ್ಕಂದಿನಿಂದ ಇದೇ ಹುಚ್ಚು. ಆರ್ಡರ್‌ಗೆ ಕಮ್ಮಿ ಇಲ್ಲ, ಇನ್ನೂ ನಾಲ್ಕು ತಿಂಗಳಿಗಾಗೋಷ್ಟು ಕೆಲಸ ಬುಕ್ ಆಗಿದೆ. ದಿನಾ 12 ಗಂಟೆ ದುಡೀತೀನಿ, ಬೆಳಗ್ಗೆ ಎದ್ರೆ ಕೆಮ್ಮು, ಆದ್ರೂ ತಿಂಗಳ ಕೊನೆಗೆ ನನ್ನ ಪಾಲಿಗೆ ಏನೂ ಉಳಿಯಲ್ಲ, ಮನೆ ನಡೀತಿರೋದು ಹೆಂಡತಿ ಸಂಬಳದಲ್ಲಿ. ಅವಳಿಗೆ ಹೇಳದೇ ಇರೋ ಒಂದು ವಿಷಯ ಇದೆ. ಹೊಸ ಆರ್ಡರ್ ಅಡ್ವಾನ್ಸ್ ಬಂದಾಗ ಅದನ್ನ ಹಳೇ ಆರ್ಡರ್‌ನ ಮರಕ್ಕೆ, ಬಾಡಿಗೆಗೆ ಕೊಡ್ತಿದೀನಿ, ಮಿಕ್ಕಿದ್ದನ್ನ ಈ ತಿಂಗಳ ಲಾಭ ಅಂತ ಅವಳ ಕೈಗೆ ಕೊಡ್ತೀನಿ. ಈಗ ಭಾವ, ಅಂದ್ರೆ ಅವಳ ಅಣ್ಣ, ಒಂದು ಮಂಚ ಮಾಡಿಕೊಡು, ನಮ್ಮೋರೇ ತಾನೇ, ರೇಟ್ ನೋಡ್ಕೊಂಡು ಹಾಕು ಅಂತಿದಾರೆ. ಅದರ ಕೊಟೇಶನ್ ಇನ್ನೂ ಕಳ್ಸಿಲ್ಲ. ಅವಳು ಮತ್ತೆ ಕೆಲಸಕ್ಕೆ ಸೇರಿ ಅಂತಾಳೆ. ಭಾನುವಾರ ವರ್ಕ್‌ಶಾಪ್ ಬೀಗ ತೆಗೆಯೋಕೂ ಮನಸ್ಸು ಬರ್ತಿಲ್ಲ. ನನ್ನ ಕೈಯಲ್ಲಿ ಕಸುಬೇ ಇಲ್ವಾ? ಮುಚ್ಚಿಬಿಡ್ಲಾ?

ಉತ್ತರ:

ತಮ್ಮಾ, ಹಾಗೆ ಕರೆದ್ರೆ ಬೇಜಾರಿಲ್ಲ ತಾನೇ. ನಿಮ್ಮ ಪತ್ರ ಓದ್ತಾ ಓದ್ತಾ ನಮ್ಮನೆ ಹಳೇ ಲೆಕ್ಕದ ಪುಸ್ತಕದ ವಾಸನೆ ಬಂತು. 24 ವರ್ಷ ನಮ್ಮ ಯಜಮಾನರ ವರ್ಕ್‌ಶಾಪ್ ಲೆಕ್ಕ ಬರೆದವಳು ನಾನು. ಉಳಿ ಹಿಡಿದು ಗೊತ್ತಿಲ್ಲ, ಆದ್ರೆ ಮರದವರಿಗೆ ಎಷ್ಟು ಬಾಕಿ, ಯಾವ ಗಿರಾಕಿ ಕೊನೇ ಕಂತು ಕೊಡದೆ ಸತಾಯಿಸ್ತಿದಾರೆ, ಇದೆಲ್ಲ ಬಾಯಿಪಾಠ ಇತ್ತು. ಪುಟ ತಿರುಗಿಸಿದ್ರೆ ಮಧ್ಯದಿಂದ ಮರದ ಹುಡಿ ಉದುರೋದು. ಹಾಗಾಗಿ ಈ ಉತ್ತರ ಸ್ವಲ್ಪ ನಿಮ್ಮ ಕಡೆಯಿಂದ, ಜಾಸ್ತಿ ನಿಮ್ಮ ಮನೆಯವರ ಕಡೆಯಿಂದ ಬರ್ತಿದೆ ಅಂತ ತಿಳ್ಕೊಳ್ಳಿ.

ಕಸುಬಿಲ್ಲದವರ ಮುಂದೆ ಜನ ನಾಲ್ಕು ತಿಂಗಳು ಕಾಯ್ತಾ ನಿಲ್ಲಲ್ಲ, ಆ ಅನುಮಾನ ಇವತ್ತೇ ಬಿಡಿ. ನನಗೆ ಎದೆ ಧಸಕ್ ಅಂದಿದ್ದು ಅಡ್ವಾನ್ಸ್ ವಿಷಯ ಓದಿದಾಗ. ಅಡ್ವಾನ್ಸ್ ಅಂದ್ರೆ ಸಾಲ, ತಮ್ಮಾ. ಕೆಲಸ ಮುಗಿಸಿ ಸಾಮಾನು ಅವರ ಮನೆಗೆ ಮುಟ್ಟೋವರೆಗೂ ಆ ದುಡ್ಡು ನಿಮ್ಮದಲ್ಲ. ಈಗ ನೀವು ಮಾಡ್ತಿರೋದು ಒಂದು ಗುಂಡಿ ಮುಚ್ಚೋಕೆ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡ್ತಾ ಹೋಗೋದು, ಆರ್ಡರ್ ಬರ್ತಾ ಇರೋವರೆಗೂ ಯಾರಿಗೂ ಕಾಣಲ್ಲ, ಒಂದು ತಿಂಗಳು ಹೊಸ ಆರ್ಡರ್ ನಿಂತ್ರೆ ಅಥವಾ ನೀವು ಜ್ವರ ಬಂದು 15 ದಿನ ಮಲಗಿದ್ರೆ ನಾಲ್ಕೈದು ಮನೆಯವರು ಒಟ್ಟಿಗೆ ಬಾಗಿಲಿಗೆ ಬರ್ತಾರೆ. ನಿಮಗೂ ಇದು ಗೊತ್ತು ಅನ್ಸುತ್ತೆ, ಗೊತ್ತಿರೋದಕ್ಕೇ ಭಾನುವಾರ ಬೀಗ ತೆಗೆಯೋಕೆ ಕೈ ಹೋಗ್ತಿಲ್ಲ. ಮರದ ಮೇಲಿನ ಪ್ರೀತಿ ಸತ್ತೋಗಿದೆ ಅಂತ ನಂಗನ್ಸಲ್ಲ, ಒಳಗೆ ಹೋದ್ರೆ ಅಲ್ಲಿರೋ ಪ್ರತಿಯೊಂದು ಹಲಗೆ ಯಾರದ್ದೋ ದುಡ್ಡಿನದು ಅನ್ನೋ ಭಯ ಅದು.

ಈ ಗುಂಡಿ ಬಿದ್ದಿದ್ದು ಎಲ್ಲಿಂದ ಅಂದ್ರೆ ಗಂಟೆ ಲೆಕ್ಕದಿಂದ. ನಮ್ಮನೇಲೂ ಅಲ್ಲಿಂದಾನೇ. ಮದುವೆ ಆದ ಹೊಸದ್ರಲ್ಲಿ ನಾನು ಕೇಳ್ತಿದ್ದೆ, ಈ ಟೇಬಲ್‌ಗೆ ಎಷ್ಟು ಹೊತ್ತು ಹಿಡೀತು ಅಂತ, ಅವರು ಮೂರೂವರೆ ದಿನ ಕಣೇ ಅಂದುಬಿಡೋರು. ಆಮೇಲೆ ಒಂದು ಸಲ ಹಟ ಹಿಡಿದು ಪ್ಲೈವುಡ್ ತುಂಡೊಂದನ್ನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿ ಪೆನ್ಸಿಲ್ ಕಟ್ಟಿದೆ, ಏನು ಮಾಡಿದ್ರೂ ಹೊತ್ತು ಬರೀರಿ ಅಂತ. ಆ ಟೇಬಲ್‌ದು ನಂಗೆ ಈಗಲೂ ನೆನಪಿದೆ. ಗಿರಾಕಿ ಜೊತೆ ಮಾತುಕತೆ 3 ಗಂಟೆ, ಡ್ರಾಯಿಂಗ್ 2, ಮರ ಆರಿಸಿ ತರೋಕೆ 4, ಕೊಯ್ದು ಕೀಸಿ ಜಾಯಿಂಟ್ ಮಾಡಿ ಕೂರಿಸೋಕೆ 28, ಸ್ಯಾಂಡಿಂಗ್ 9, ಪಾಲಿಶ್ 6, ಸಾಗಿಸಿ ಇಟ್ಟು ಬರೋಕೆ 5, ಆಮೇಲೆ ಒಂದು ಕಾಲು ಅಲ್ಲಾಡುತ್ತೆ ಅಂತ ಫೋನ್ ಬಂದು ಹೋಗಿ ಸರಿ ಮಾಡಿದ್ದು 2. ಕೂಡಿದ್ರೆ 59. ನಮ್ಮ ಯಜಮಾನರು ಗಿರಾಕಿಗೆ ಬಿಲ್ ಹಾಕಿದ್ದು ಆ 28ಕ್ಕೆ ಮಾತ್ರ. ಮಿಕ್ಕ 31 ಗಂಟೆ ಯಾರು ಕೊಟ್ರು ಹೇಳಿ? ಆಗ ನಾನು ಹೊರಗೆ ಕೆಲಸಕ್ಕೆ ಹೋಗ್ತಿದ್ದೆ. ನಾನು ಕೊಟ್ಟೆ.

ಇದನ್ನ ಅವರ ಮೇಲಿನ ಸಿಟ್ಟಿಗೆ ಹೇಳ್ತಿಲ್ಲ. ಅವರಿಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಮರಗೆಲಸ ಮಾಡೋರಿಗೆ ಗರಗಸ ಓಡ್ತಿರೋ ಹೊತ್ತು ಮಾತ್ರ ಕೆಲಸ ಅನ್ಸುತ್ತೆ, ಫೋನಲ್ಲಿ ಮಾತಾಡಿದ್ದು, ಉಳಿ ಮಸೆದಿದ್ದು, ಬ್ಲೇಡ್ ಬದಲಾಯಿಸಿದ್ದು, ಸಂಜೆ ಹುಡಿ ಗುಡಿಸಿದ್ದು ಯಾವುದೂ ಲೆಕ್ಕಕ್ಕೆ ಬರಲ್ಲ. ಆದ್ರೆ ತಿಂಗಳಿಗೆ 200 ಗಂಟೆ ವರ್ಕ್‌ಶಾಪಲ್ಲಿ ಇದ್ದು ಗಿರಾಕಿಗೆ ಬಿಲ್ ಹಾಕೋಕಾಗೋದು 100 ಗಂಟೆ ಅಂತಾದ್ರೆ, ನಿಮ್ಮ ಮನೆಗೆ ಬೇಕಾದ ದುಡ್ಡು ಮತ್ತೆ ಬಾಡಿಗೆ, ಕರೆಂಟು, ಮೆಷಿನ್ ರಿಪೇರಿ, ಗಾಡಿ ಖರ್ಚು ಎಲ್ಲಾನೂ ಆ 100 ಗಂಟೆಯೇ ದುಡಿಬೇಕು, 200 ಅಲ್ಲ. ಎಲ್ಲಾ ಕೂಡಿಸಿ 100ರಿಂದ ಭಾಗಿಸಿ, ಬರೋ ನಂಬರ್ ನಿಮ್ಮ ಒಂದು ಗಂಟೆ ರೇಟ್. ನೋಡಿ ಗಾಬರಿ ಆಗ್ತೀರಿ, ಆಗ್ಲಿ.

ಮರದಲ್ಲೂ ಹೀಗೇ ಸೋರಿಕೆ. ಟೇಬಲ್‌ನಲ್ಲಿ ಕಣ್ಣಿಗೆ ಕಾಣೋ ಮರ 70 ಪಾಲಾದ್ರೆ ಕೊಂಡಿದ್ದು 100 ಆಗಿರುತ್ತೆ ಎಷ್ಟೋ ಸಲ, ಗಂಟು, ಸೀಳು, ಅಂಚು, ಕೀಸಿ ಹೋಗಿದ್ದು ಎಲ್ಲ ಸೇರಿ. ಕೊಂಡ ಅಷ್ಟಕ್ಕೂ ದುಡ್ಡು ಹಾಕ್ಬೇಕು, ಕಂಡಷ್ಟಕ್ಕಲ್ಲ. ಇನ್ನು ಹಸಿ ಮರದ್ದು ಬೇರೆಯೇ ಕಥೆ. ಒಂದು ಸಲ ಒಬ್ಬ ವ್ಯಾಪಾರಿ ಪೂರ್ತಿ ಒಣಗಿದೆ ಅಂತ ಕೊಟ್ಟ ಹಲಗೆ, ಅವಸರದ ಆರ್ಡರ್ ಅಂತ ಇವರೂ ತೇವ ಅಳೆಯೋ ಮೀಟರ್ ಇಟ್ಟು ನೋಡ್ಲಿಲ್ಲ. ದೊಡ್ಡ ಊಟದ ಟೇಬಲ್. ಮೇಲಿನ ಹಲಗೆಯನ್ನ ಕೆಳಗಿನ ಫ್ರೇಮ್‌ಗೆ ಅಲ್ಲಾಡದ ಹಾಗೆ ಅಂಟು ಹಾಕಿ ಸ್ಕ್ರೂ ಬಿಗಿದ್ರು. ಮರ ಒಣಗ್ತಾ ಉದ್ದಕ್ಕೆ ಹೆಚ್ಚು ಕಮ್ಮಿ ಏನೂ ಕುಗ್ಗಲ್ಲ, ಅಗಲಕ್ಕೆ ಕುಗ್ಗುತ್ತೆ, ಕುಗ್ಗೋಕೆ ಜಾಗ ಇಲ್ಲದಿದ್ರೆ ಸೀಳುತ್ತೆ. ಮೂರು ತಿಂಗಳಿಗೆ ಮಧ್ಯದಲ್ಲಿ ಒಂದು ನಾಣ್ಯ ತೂರೋಷ್ಟು ಬಿರುಕು. ಉಳಿದ ತುಂಡಿಗೆ ಮೀಟರ್ ಇಟ್ರೆ ಆಗಲೂ 18% ತೇವ, ಮನೆಯೊಳಗೆ ಇಡೋ ಸಾಮಾನಿಗೆ 8ರಿಂದ 12% ಒಳಗಿರ್ಬೇಕು. ವಾಪಸ್ ತಂದು ಹೊಸ ಹಲಗೆ ಹಾಕಿಕೊಡೋಕೆ 6 ದಿನ, ಒಂದು ಪೈಸೆ ಬರಲಿಲ್ಲ. ಗಾಳಿಯಲ್ಲಿ ಒಣಗಿಸೋದಾದ್ರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಬಡಗಿಗಳು ಸುಮ್ನೆ ಹೇಳಲ್ಲ. ಹಾಗಾಗಿ ನಿಮ್ಮ ರೇಟಲ್ಲಿ ಇಂಥ ಆರು ದಿನಗಳಿಗೂ ಸ್ವಲ್ಪ ಸ್ವಲ್ಪ ಜಾಗ ಇರ್ಬೇಕು, ಎಷ್ಟೇ ಹುಷಾರಾಗಿದ್ರೂ ವರ್ಷಕ್ಕೊಂದು ಬಂದೇ ಬರುತ್ತೆ.

ಈಗ ಭಾವನ ಮಂಚ. ನಿಮ್ಮ ಖರ್ಚು ಕೂಲಿ ಎಲ್ಲ ಸೇರಿ 100 ಅಂತಿಟ್ಕೊಳ್ಳಿ, ಅದರ ಮೇಲೆ 20 ಲಾಭ ಇಟ್ಟು 120 ಹೇಳ್ತೀರಿ. ನಮ್ಮೋರು ಅಂತ ಬರೀ 10% ಬಿಟ್ರಿ, 12 ಹೋಯ್ತು, 108 ಬಂತು. ಕೇಳಿದವರಿಗೆ ಹತ್ತೇ ಪರ್ಸೆಂಟ್, ನಿಮಗೆ 20 ಇದ್ದ ಲಾಭ 8 ಆಯ್ತು, ಅರ್ಧಕ್ಕಿಂತ ಜಾಸ್ತಿ ಹೋಯ್ತು. ಭಾವನಿಗೆ ಇದು ಗೊತ್ತಿಲ್ಲ, ಕೆಟ್ಟ ಮನಸ್ಸಿಂದ ಕೇಳ್ತಿರೋದೂ ಅಲ್ಲ. ಅವರಿಗೆ ಏನಾದ್ರೂ ಮಾಡ್ಬೇಕು ಅನ್ಸಿದ್ರೆ ಪೂರ್ತಿ ರೇಟ್ ಬರೆದು ಅದರ ಕೆಳಗೆ ಬಿಟ್ಟಿದ್ದೆಷ್ಟು ಅಂತ ಕಾಣೋ ಹಾಗೆ ಬರೆದು ಕೊಡಿ. ಇಲ್ಲಾಂದ್ರೆ ಒಂದು ಸಣ್ಣ ಸ್ಟೂಲ್ ಮಾಡಿ ಪೂರ್ತಿ ಉಡುಗೊರೆ ಅಂತ ಕೊಡಿ, ಅದು ಎಷ್ಟೋ ಮೇಲು. ಅರ್ಧ ವ್ಯಾಪಾರ ಅರ್ಧ ಉಪಕಾರ ಮಾಡಿದ ಕಡೆಯಲ್ಲೇ ಮನಸ್ಸು ಕೆಟ್ಟಿರೋದನ್ನ ನಾನು ನೋಡಿದೀನಿ, ಕೊಟ್ಟವರಿಗೂ ಸಮಾಧಾನ ಇರಲ್ಲ, ತಗೊಂಡವರಿಗೂ ಇರಲ್ಲ.

ನಿಮ್ಮ ಮನೆಯವರಿಗೆ ಹೇಳೋ ವಿಷಯಕ್ಕೆ ಬರ್ತೀನಿ, ಪತ್ರದ ಉದ್ದಕ್ಕೂ ನೀವು ಸುತ್ತು ಹಾಕಿದ್ದು ಅದನ್ನೇ. ಹೇಳಿ. ಈ ವಾರಾನೇ ಹೇಳಿ. ಅವರು ಕೆಲಸಕ್ಕೆ ಸೇರಿ ಅಂತಿರೋದು ನೀವು ಅಯೋಗ್ಯರು ಅಂತಲ್ಲ, ಅವರಿಗೆ ಲೆಕ್ಕ ತಾಳೆ ಆಗ್ತಿಲ್ಲ, ಇಷ್ಟೊಂದು ದುಡೀತಾರೆ, ಲಾಭ ಅಂತ ತಂದುಕೊಡ್ತಾರೆ, ಆದ್ರೂ ಮುಖದಲ್ಲಿ ಕಳೆ ಇಲ್ಲ, ಏನೋ ಮುಚ್ಚಿಡ್ತಿದಾರೆ ಅಂತ ಒಳಗೊಳಗೇ ಅನ್ನಿಸ್ತಿರುತ್ತೆ. ನಂಗೆ ಅನ್ನಿಸ್ತಿತ್ತು. ನಮ್ಮ ಯಜಮಾನರು ಮರದವರ ಬಾಕಿ ಮುಚ್ಚಿಟ್ಟಿದ್ದು ನಂಗೆ ಗೊತ್ತಾಗಿದ್ದು ಶರ್ಟ್ ಒಗೆಯೋವಾಗ ಜೇಬಲ್ಲಿ ಸಿಕ್ಕ ಚೀಟಿಯಿಂದ. ಆ ಮೊತ್ತ ನೋಡಿ ಅಳು ಬರಲಿಲ್ಲ, ಎಂಟು ತಿಂಗಳ ಹಳೇ ತಾರೀಕು ನೋಡಿ ಬಂತು. ಎಂಟು ತಿಂಗಳು ಪಕ್ಕದಲ್ಲೇ ಕೂತು ಊಟ ಮಾಡಿದಾರೆ, ಒಂದು ಮಾತು ಹೇಳಿಲ್ಲ. ನಿಮ್ಮ ಮನೆಯವರಿಗೆ ಚೀಟಿ ಸಿಗೋ ಹಾಗೆ ಮಾಡ್ಬೇಡಿ, ನೀವೇ ಬಾಯಿಬಿಟ್ಟು ಹೇಳಿ, ಜೊತೆಗೆ ಯಾವ ಗಿರಾಕಿದು ಎಷ್ಟು ಅಡ್ವಾನ್ಸ್ ಬಂದಿದೆ, ಅದರಲ್ಲಿ ಎಷ್ಟು ಬೇರೆ ಕಡೆ ಹೋಗಿದೆ, ಎಷ್ಟು ಕೆಲಸ ಬಾಕಿ ಅಂತ ಒಂದು ಹಾಳೆಯಲ್ಲಿ ಬರ್ಕೊಂಡು ಕೂತ್ಕೊಳ್ಳಿ. ಅವರು ಸಿಟ್ಟಾಗ್ತಾರೆ, ಆಗ್ಲೇಬೇಕು. ಎರಡು ದಿನ ಮಾತು ಬಿಡಬಹುದು. ಆಮೇಲೆ ಆ ಹಾಳೆಯನ್ನ ಅವರೇ ಕೇಳಿ ಇಸ್ಕೊಂಡ್ರೆ ಕೊಟ್ಬಿಡಿ.

ಕುರ್ಚಿ ಮಾಡೋದ್ರಲ್ಲಿ ಹೆಸರಾದ ಸ್ಯಾಮ್ ಮಲೂಫ್ ಅಂತ ಕ್ಯಾಲಿಫೋರ್ನಿಯಾದಲ್ಲಿ ಒಬ್ಬರಿದ್ರು, 1985ರಲ್ಲಿ ಮೆಕಾರ್ಥರ್ ಫೆಲೋಶಿಪ್ ಅನ್ನೋ ಅಮೆರಿಕದ ದೊಡ್ಡ ಗೌರವ ಬಂತು ಅವರಿಗೆ. ಅವರ ವರ್ಕ್‌ಶಾಪಿನ ಲೆಕ್ಕಪತ್ರ, ವ್ಯವಹಾರ ನೋಡ್ಕೊಳ್ತಿದ್ದಿದ್ದು ಅವರ ಹೆಂಡತಿ ಆಲ್‌ಫ್ರೆಡಾ. ಇದನ್ನ ಓದಿದಾಗ ನಂಗೆ ಯಾರೋ ಬೆನ್ನು ತಟ್ಟಿದ ಹಾಗಾಗಿತ್ತು. ನಿಮ್ಮ ಮನೆಯವರೇ ಲೆಕ್ಕ ನೋಡ್ಬೇಕು ಅಂತ ಹೇಳ್ತಿಲ್ಲ, ಅವರಿಗೆ ಅವರದ್ದೇ ಕೆಲಸ ಇದೆ. ಆದ್ರೆ ಎರಡೂವರೆ ವರ್ಷ ಈ ವರ್ಕ್‌ಶಾಪಿಗೆ ದುಡ್ಡು ಹಾಕಿದವರು ಅವರು, ಕೇಳೋ ಹಕ್ಕು ಪೂರ್ತಿ ಇದೆ.

ಮುಚ್ಚಬೇಕಾ ಅನ್ನೋದನ್ನ ಇವತ್ತು ತೀರ್ಮಾನ ಮಾಡೋಕೆ ಹೋಗ್ಬೇಡಿ, ಯಾಕಂದ್ರೆ ಸರಿಯಾದ ರೇಟಲ್ಲಿ ನಿಮ್ಮ ವರ್ಕ್‌ಶಾಪ್ ಇನ್ನೂ ಒಂದು ದಿನಾನೂ ನಡೆದಿಲ್ಲ. ಆರು ತಿಂಗಳು ಕೊಡಿ. ಹೊಸ ಅಡ್ವಾನ್ಸ್‌ಗೆ ಬೇರೆ ಬ್ಯಾಂಕ್ ಖಾತೆ ಮಾಡಿ, ಆ ಆರ್ಡರ್‌ನ ಮರಕ್ಕೆ, ಸ್ಕ್ರೂ ಹಿಂಜ್‌ಗೆ ಬಿಟ್ಟು ಬೇರೆ ಯಾವುದಕ್ಕೂ ಅಲ್ಲಿಂದ ತೆಗೀಬೇಡಿ. ಈಗಾಗ್ಲೇ ಒಪ್ಪಿಕೊಂಡಿರೋ ಕೆಲಸ ಹಳೇ ರೇಟಲ್ಲೇ ಮುಗಿಸಿ, ಮಾತು ಕೊಟ್ಟಿದೀರಿ, ಹೊಸದಕ್ಕೆಲ್ಲ ಹೊಸ ರೇಟ್. ಅರ್ಧ ಜನ ಹೋಗ್ತಾರೆ. ಹೋಗ್ಲಿ, ನಿಮ್ಮ ಹತ್ರ ಕೆಲಸ ಜಾಸ್ತಿ ಇದೆ, ದುಡ್ಡು ಕಮ್ಮಿ ಇದೆ, ಹೋಗೋರು ನಿಮಗೆ ಹೊತ್ತು ಉಳಿಸಿಕೊಟ್ಟು ಹೋಗ್ತಾರೆ. ಬರೀ ಅಗ್ಗಕ್ಕೆ ಅಂತ ಬರೋರನ್ನ ಹಿಡಿಯೋ ಆಸೆ ಬೇಡ, 1956ರಲ್ಲಿ ಸ್ವೀಡನ್‌ನ ಫರ್ನಿಚರ್ ಕಂಪನಿ ಐಕಿಯಾದವರು ಕಾಲು ಬಿಚ್ಚಿ ಚಪ್ಪಟೆ ಪೆಟ್ಟಿಗೆಯಲ್ಲಿ ಟೇಬಲ್ ಮಾರೋಕೆ ಶುರು ಮಾಡಿದಾಗಿಂದ ಆ ಓಟದಲ್ಲಿ ಒಬ್ಬನೇ ಕೂತು ಕೀಸೋರು ಗೆದ್ದಿಲ್ಲ. ಫ್ಯಾಕ್ಟರಿ ಸಾಮಾನು ಕೂರದ ಜಾಗ ಹುಡುಕಿ, ಸೊಟ್ಟ ಗೋಡೆಗೆ ಹೊಂದೋ ಕಪಾಟು, ಮೆಟ್ಟಿಲ ಕೆಳಗಿನ ಡ್ರಾಯರ್, ಅಜ್ಜನ ಕಾಲದ ಕುರ್ಚಿ ರಿಪೇರಿ. ಮತ್ತೆ ಒಂದೇ ಥರದ್ದನ್ನ ಒಟ್ಟಿಗೆ ಮಾಡಿ, ನಮ್ಮ ಪುಸ್ತಕದಲ್ಲಿ ಒಂದು ಸ್ಟೂಲ್‌ಗೆ 9 ಗಂಟೆ ಇದೆ, ಆರು ಸ್ಟೂಲ್ ಒಟ್ಟಿಗೆ ಮಾಡಿದಾಗ 31. ಆರು ಥರದ ಆರು ಸಾಮಾನು ಮಾಡೋದ್ರಲ್ಲಿ ಖುಷಿ ಇದೆ ಒಪ್ತೀನಿ, ಆದ್ರೆ ಬಾಡಿಗೆ ಕಟ್ಟಿದ್ದು ಸ್ಟೂಲ್‌ಗಳು.

ಕೆಮ್ಮಿನ ಬಗ್ಗೆ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದೀರಿ, ನಾನು ಬಿಡಲ್ಲ. ಮರದ ಹುಡಿ ಕ್ಯಾನ್ಸರ್ ತರೋ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಡಾಕ್ಟರ್ ಹತ್ರ ಹೋಗಿ, ಕರ್ಚೀಫ್ ಕಟ್ಕೊಳ್ಳೋದು ಬಿಟ್ಟು ಸರಿಯಾದ ಮಾಸ್ಕ್ ತಗೊಳ್ಳಿ, ಹುಡಿ ಎಳೆಯೋ ಮೆಷಿನ್ ಇಲ್ಲಾಂದ್ರೆ ಮೊದಲ ಲಾಭ ಅದಕ್ಕೇ ಹೋಗ್ಲಿ. ಕಿವಿಗೂ ಏನಾದ್ರೂ ಹಾಕ್ಕೊಳ್ಳಿ, ನಮ್ಮವರಿಗೆ ಈಗ ಎರಡು ಸಲ ಕೂಗಿದ್ರೂ ಕೇಳಿಸಲ್ಲ.

ಆರು ತಿಂಗಳಾದ್ಮೇಲೂ ಹೊಸ ರೇಟಿಗೆ ಜನ ಬರದೇ ಇದ್ರೆ, ಅಥವಾ ಬಂದ್ರೂ ಮನೆಗೆ ನೀವಿಬ್ರೂ ಕೂತು ಬರ್ಕೊಂಡಷ್ಟು ದುಡ್ಡು ಬರದೇ ಇದ್ರೆ, ಆಗ ಕೆಲಸಕ್ಕೆ ಸೇರಿ, ವಾರಕ್ಕೆ ಮೂರು ದಿನದ್ದಾದ್ರೂ ಸರಿ, ಯಾರಿಗಾದ್ರೂ ಕಲಿಸೋದಾದ್ರೂ ಸರಿ. ನಮ್ಮನೇಲೂ ನನ್ನ ಸಂಬಳ ಇಲ್ದಿದ್ರೆ ಮೊದಲ ಏಳು ವರ್ಷ ಆ ಬಾಗಿಲು ತೆರೆದಿರ್ತಿರಲಿಲ್ಲ, ಇದನ್ನ ಅವರು ಈಗಲೂ ನಾಲ್ಕು ಜನರ ಮುಂದೆ ಹೇಳ್ತಾರೆ. ಭಾನುವಾರದ ಖುಷಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ನಮ್ಮವರಿಗೆ ಬಂತು, ಮರದವರ ಬಾಕಿ ತೀರಿದ ವರ್ಷ, ಯಾರಿಗೂ ಅಂತಲ್ಲದೆ ಒಂದು ಸಣ್ಣ ಪೆಟ್ಟಿಗೆ ಮಾಡ್ತಾ ಕೂತಿದ್ರು, ನಾನು ಕಾಫಿ ತಗೊಂಡು ಹೋದ್ರೆ ತಲೆ ಎತ್ತಿ ನೋಡ್ಲೂ ಇಲ್ಲ.

ಆ ಮಂಚದ ಕೊಟೇಶನ್ ಇನ್ನೂ ಹೋಗಿಲ್ಲ ಅಂದ್ರಲ್ಲ, ಒಳ್ಳೇದಾಯ್ತು. ನಿಮ್ಮ ಮನೆಯವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿ ಅದನ್ನ, ಅವರ ಅಣ್ಣನೇ ಅಲ್ವಾ. ಪ್ರತಿ ಗಂಟೆಯನ್ನೂ ಅವರ ಕೈಯಲ್ಲೇ ಬರೆಸಿ, ಕೂಡಿಸೋದೂ ಅವರೇ ಕೂಡಿಸ್ಲಿ.