'ಎಪಿಸ್ಟೆಮಾಲಜಿ' ಪ್ಲೇಟೋ ಬಳಸಿದ ಪದವೇ?

ಅಲ್ಲ. ಅರಿವು ಎಂದರೇನು ಎಂದು ವಿಚಾರಿಸುವ ಶಾಸ್ತ್ರದ ಹೆಸರು ಇದು. ಪದದ ತುಂಡುಗಳು ಪ್ಲೇಟೋಗಿಂತ ಹಳೆಯವು, ಪದ ಮಾತ್ರ ಹತ್ತೊಂಬತ್ತನೇ ಶತಮಾನದ್ದು. ಇಂಗ್ಲಿಷ್ ತತ್ವಶಾಸ್ತ್ರದಲ್ಲಿ ಅದು ನೆಲೆಯೂರಿದ್ದು ಸ್ಕಾಟ್ಲೆಂಡಿನ ಜೇಮ್ಸ್ ಫ್ರೆಡರಿಕ್ ಫೆರಿಯರ್ ಅವರಿಂದ. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರ 'ಇನ್‌ಸ್ಟಿಟ್ಯೂಟ್ಸ್ ಆಫ್ ಮೆಟಾಫಿಸಿಕ್' ಹೊರಬಂದದ್ದು 1854ರಲ್ಲಿ.

ಪ್ಲೇಟೋ ಬಳಸಿದ್ದು 'ಎಪಿಸ್ಟೆಮೆ', ಅಂದರೆ ಅರಿವು. ಅದು ಏನೆಂಬ ಒಂದೇ ಪ್ರಶ್ನೆಯ ಸುತ್ತ 'ಥಿಯಟೀಟಸ್' ಸಂವಾದ ಸುತ್ತುತ್ತದೆ, ಉತ್ತರ ಸಿಗದೆ ಮುಗಿಯುತ್ತದೆ. ಆ ಪದವನ್ನು ಸಾಮಾನ್ಯವಾಗಿ 'ಎಪಿ' (ಮೇಲೆ) ಮತ್ತು ನಿಲ್ಲುವುದನ್ನು ಹೇಳುವ ಧಾತು ಎಂದು ಬಿಡಿಸುತ್ತಾರೆ. ಈ ಧಾತು ನಮ್ಮ ಸ್ಥಾನ, ಸ್ಥಿತಿಗಳಲ್ಲಿರುವ 'ಸ್ಥಾ'ದ ನಂಟ. ನನಗೆ ಹೆಚ್ಚು ಇಷ್ಟವಾಗುವುದು ಇದರ ಕ್ರಿಯಾಪದದ ಹಳೆಯ ಬಳಕೆ: ಹೋಮರನ ಕಾವ್ಯದಲ್ಲಿ ಅದು ಕೈಕೆಲಸ ಬಲ್ಲವರ ಬಗ್ಗೆಯೂ ಬರುತ್ತದೆ. 'ಅವನಿಗೆ ಈಜಲು ಬರುತ್ತದೆ' ಅನ್ನುತ್ತೇವಲ್ಲ, ಆ ಬಗೆಯ ಬಲ್ಮೆ. ಪುಸ್ತಕದ ಅರಿವಿಗೂ ಮೊದಲು ಕೈಗೆ ಒಗ್ಗಿದ ಅರಿವು.

ಫೆರಿಯರ್ ಈ ಹೆಸರನ್ನು ಒಂಟಿಯಾಗಿ ತರಲಿಲ್ಲ. ಜಗತ್ತಿನಲ್ಲಿ ಏನಿದೆ ಎಂದು ಹೇಳುವ ಮುಂಚೆ, ಅರಿಯುವುದು ಎಂದರೇನು ಎಂದು ತೀರ್ಮಾನವಾಗಬೇಕು ಎಂಬುದು ಅವರ ಪಟ್ಟು. ಆಗ ಒಬ್ಬ ಎದ್ದು, 'ನಿಜವಾಗಿ ಇರುವುದು ನಮ್ಮ ಅರಿವಿಗೆ ನಿಲುಕದ್ದೇ ಇರಬಹುದಲ್ಲ?' ಎಂದು ಜಾರಿಕೊಳ್ಳಬಹುದು. ಆ ದಾರಿ ಮುಚ್ಚಲು ಅವರು ಇನ್ನೊಂದು ಶಾಸ್ತ್ರವನ್ನೇ ಹೂಡಿದರು, ಅದರ ಹೆಸರು 'ಅಗ್ನಾಯಾಲಜಿ'. ಗ್ರೀಕಿನ 'ಅಗ್ನೋಯಾ'ದಿಂದ ಬಂದದ್ದು. ನಮ್ಮ 'ಅಜ್ಞಾನ'ವೂ ಅದೇ ಮೂಲದ್ದು, ನಿಷೇಧದ 'ಅ' ಸಹಿತ. ಅಲ್ಲಿ ಅವರ ವಾದ ಚುರುಕಾಗಿದೆ: ಯಾವುದನ್ನು ತಿಳಿಯಲು ಸಾಧ್ಯವೋ ಅದರ ಬಗ್ಗೆ ಮಾತ್ರ ಅಜ್ಞಾನ ಇರಬಲ್ಲದು. ಎರಡೆರಡು ಐದು ಎಂಬುದು 'ನನಗೆ ಗೊತ್ತಿಲ್ಲ' ಎಂದರೆ ಅರ್ಥವಿಲ್ಲ, ಏಕೆಂದರೆ ಅಲ್ಲಿ ತಿಳಿಯಲು ಏನೂ ಇಲ್ಲ.

ಈ ಮೊದಲ ಎರಡು ಹಂತ ದಾಟಿದ ಮೇಲೆಯೇ ಅವರಲ್ಲಿ ಆಂಟಾಲಜಿಯ (ಏನಿದೆ ಎಂದು ವಿಚಾರಿಸುವ ಶಾಸ್ತ್ರದ) ಸರದಿ. ಮೂರರಲ್ಲಿ ಅಗ್ನಾಯಾಲಜಿಯನ್ನು ಇವತ್ತು ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ. ಫೆರಿಯರ್ ಅವರ ಪುಸ್ತಕ ಸಿಕ್ಕರೆ ಆ ಭಾಗವನ್ನೇ ಮೊದಲು ಓದಿ, ಅದು ಮೂರರಲ್ಲಿ ಚಿಕ್ಕದು ಕೂಡ. ಕನ್ನಡದಲ್ಲಿ ಎಪಿಸ್ಟೆಮಾಲಜಿಯ ಬಗ್ಗೆ ಹುಡುಕುವುದಾದರೆ 'ಜ್ಞಾನಮೀಮಾಂಸೆ' ಎಂದು ಹುಡುಕಿ.