ಹಳೇ ಚೈನ್ ಸಾ ಪೆಟ್ರೋಲ್ ಕುಡಿಯುತ್ತಿದೆಯೇ? ಮೊದಲು ಹುಡಿ ನೋಡಿ

ಪ್ರಶ್ನೆ: ಅಪ್ಪಯ್ಯ ತಂದಿದ್ದ 50 ಸಿಸಿ ಚೈನ್ ಸಾ ಇದೆ. ಅಡಿಕೆ ಬೇಯಿಸುವ ಒಲೆಗೆ, ಬಚ್ಚಲ ಒಲೆಗೆ ಕಟ್ಟಿಗೆ ಕೊಯ್ಯುವುದು ಅದರಲ್ಲೇ. ಈಗ ಒಂದು ಲೀಟರ್ ಪೆಟ್ರೋಲ್ ಒಂದು ಗಂಟೆಯೂ ಬರುವುದಿಲ್ಲ. ಆಯಿಲ್ ಕಮ್ಮಿ ಮಾಡಿ, ಕಾರ್ಬುರೇಟರ್ ಸ್ಕ್ರೂ ಬಿಗಿ ಮಾಡಿ ಅಂತಾರೆ ಕೆಲವರು. ಹೊಸದು ತಗೊಳ್ಳಿ ಅಂತಾರೆ ಇನ್ನು ಕೆಲವರು. ಏನು ಮಾಡಲಿ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಗಾಬರಿ ಬೇಡ. ಅಷ್ಟು ದೊಡ್ಡ ಮಷಿನ್ ಪೂರ್ತಿ ಆಕ್ಸಿಲೇಟರ್‌ನಲ್ಲಿ ಕೊಯ್ಯುತ್ತಿದ್ದರೆ ಗಂಟೆಗೆ ಒಂದು, ಒಂದೂವರೆ ಲೀಟರ್ ಬೇಕೇ ಬೇಕು. ಗಂಟೆ ಲೆಕ್ಕ ಬಿಡಿ. ಒಂದು ಟ್ಯಾಂಕಿಗೆ ಎಷ್ಟು ಕಟ್ಟಿಗೆ ಬಿತ್ತು ಅಂತ ನೋಡಿ.

ನನ್ನ ಹತ್ತಿರ ರಿಪೇರಿಗೆ ಬರುವ ಹಳೇ ಮಷಿನ್‌ಗಳಲ್ಲಿ ನಾನು ಮೊದಲು ಮುಟ್ಟುವುದು ಎಂಜಿನ್ ಅಲ್ಲ, ಚೈನ್. ನೀವೂ ಅಷ್ಟೇ ಮಾಡಿ. ಕೊಯ್ಯುವಾಗ ಬೀಳುವುದನ್ನು ಅಂಗೈಗೆ ತಗೊಳ್ಳಿ. ದಪ್ಪ ದಪ್ಪ ಚಕ್ಕೆ ಇದ್ದರೆ ಚೈನ್ ಸರಿ ಇದೆ. ರಾಗಿ ಹಿಟ್ಟಿನಂಥ ಹುಡಿ ಬಂದರೆ ಹಲ್ಲು ಮೊಂಡಾಗಿದೆ. ಎಂಜಿನ್ ನಿಲ್ಲಿಸಿ, ಒಂದು ಹಲ್ಲಿನ ಅಂಚನ್ನು ಬಿಸಿಲಿಗೆ ಹಿಡಿಯಿರಿ. ಬಿಳಿ ಗೆರೆ ಹೊಳೆದರೆ ಅದು ಮೊಂಡು. ಹರಿತವಾದ ಅಂಚು ಹೊಳೆಯುವುದಿಲ್ಲ. ಮೊಂಡು ಚೈನ್ ಕುಡಿಯುವ ಪೆಟ್ರೋಲ್ ಅಷ್ಟೇ, ಬೀಳುವ ಕಟ್ಟಿಗೆ ಅರ್ಧ. ಜೊತೆಗೆ ನಿಮ್ಮ ತೋಳು ನೋವು ಬೇರೆ.

ಪ್ರತಿ ಸಲ ಟ್ಯಾಂಕ್ ತುಂಬುವಾಗ ಒಂದೊಂದು ಹಲ್ಲಿಗೆ ಎರಡು ಮೂರು ಸಲ ಅರ ಎಳೆಯಿರಿ. .325 ಚೈನ್‌ಗೆ (ಇದು ಚೈನ್‌ನ ಪಿಚ್, ಅಂದರೆ ಕೊಂಡಿಗಳ ಅಂತರ, ಇಂಚಿನಲ್ಲಿ) 4.8 ಮಿ.ಮೀ. ದುಂಡು ಅರ, ದೊಡ್ಡ 3/8 ಚೈನ್‌ಗೆ ಕಂಪನಿ ನೋಡಿ 5.2 ಅಥವಾ 5.5 ಮಿ.ಮೀ. ದಿಮ್ಮಿಯನ್ನು ನೆಲದ ಮೇಲೆ ಇಟ್ಟು ಕೊಯ್ಯಲೇಬೇಡಿ. ಕೆಳಗೆ ಎರಡು ಮರದ ಕುಂಟೆ ಕೊಟ್ಟು ಎತ್ತರಿಸಿ. ಒಂದು ಸಲ ಮಣ್ಣು ತಾಗಿದರೂ ಹರಿತ ಹೋಯಿತು. ಇನ್ನೊಂದು, ನಿಮ್ಮ ಒಲೆಯ ಬಾಯಿಗೆ ಎರಡಡಿ ಕಟ್ಟಿಗೆ ಹಿಡಿಯುತ್ತದೆ ಅಂದರೆ ಒಂದಡಿಗೆ ಯಾಕೆ ಕೊಯ್ಯಬೇಕು? ಕೊಯ್ತ ಅರ್ಧಕ್ಕರ್ಧ ಉಳಿಯುತ್ತದೆ. ಸೀಳುವುದಕ್ಕೆ ಕೊಡಲಿಯೇ ಸಾಕು.

ಆಮೇಲೆ ಏರ್ ಫಿಲ್ಟರ್. ಹುಡಿ ಕಟ್ಟಿದರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಕಪ್ಪು ಹೊಗೆ, ಕಪ್ಪು ಪ್ಲಗ್ ಕಂಡರೆ ಇದೇ ಇರಬಹುದು.

ಈಗ ಆಯಿಲ್ ಕಮ್ಮಿ ಮಾಡಿ, ಸ್ಕ್ರೂ ಬಿಗಿ ಮಾಡಿ ಅನ್ನುವವರ ಮಾತು. ದಯವಿಟ್ಟು ಕೇಳಬೇಡಿ. ಈ ಎಂಜಿನ್‌ಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲ್‌ನಲ್ಲಿ ಬೆರೆಸಿದ್ದೇ ಪಿಸ್ಟನ್‌ಗೆ ಸಿಗುವುದು. ಒಳ್ಳೇ ಟೂ-ಟಿ (ಟೂ-ಸ್ಟ್ರೋಕ್ ಎಂಜಿನ್‌ನ) ಆಯಿಲ್ ಆದರೆ ಲೀಟರ್‌ಗೆ 20 ಮಿಲಿ, ಮಷಿನ್ ಜೊತೆ ಬಂದ ಪುಸ್ತಕದಲ್ಲಿ 25ಕ್ಕೆ 1 ಅಂತಿದ್ದರೆ 40 ಮಿಲಿ. ಸ್ಕ್ರೂ ಬಿಗಿ ಮಾಡಿದರೆ ಪೆಟ್ರೋಲ್ ಕಮ್ಮಿಯಾಗುತ್ತದೆ ನಿಜ, ಅದರ ಜೊತೆ ಆಯಿಲ್ಲೂ ಕಮ್ಮಿಯಾಗುತ್ತದೆ, ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಉಳಿಸಿದ್ದು ಎಷ್ಟು, ಕಳೆದುಕೊಂಡದ್ದು ಎಷ್ಟು?

ನಿಮ್ಮದರಂಥ ಹಳೇ ಟೂ-ಸ್ಟ್ರೋಕ್ ಎಂಜಿನ್‌ನ ಒಂದು ದೋಷವನ್ನು ಮಾತ್ರ ಯಾವ ಮೆಕಾನಿಕ್ಕೂ ಸರಿ ಮಾಡಲಾರ. ಹೊಸ ಪೆಟ್ರೋಲ್ ಒಳಗೆ ಬರುವಾಗ ಸೈಲೆನ್ಸರ್ ಕಡೆಯ ಬಾಗಿಲು ತೆರೆದೇ ಇರುತ್ತದೆ. ಸುಮಾರು ಕಾಲು ಭಾಗ ಉರಿಯದೇ ಹೊರಗೆ ಹೋಗುತ್ತದೆ. ಹೊಗೆಯಲ್ಲಿ ಹಸಿ ಪೆಟ್ರೋಲ್ ವಾಸನೆ ಬರುತ್ತಲ್ವಾ, ಅದೇ. ಹೊಸ ಮಷಿನ್‌ಗಳಲ್ಲಿ ಮೊದಲು ಬರೀ ಗಾಳಿ ನುಗ್ಗಿ ಹೊಗೆಯನ್ನು ತಳ್ಳುತ್ತದೆ. ಅದರಿಂದ ಶೇ 20ರವರೆಗೆ ಉಳಿತಾಯ ಅಂತ ಕಂಪನಿಗಳು ಹೇಳುತ್ತವೆ. ನೀವು ವರ್ಷಕ್ಕೆ 20 ಲೀಟರ್ ಸುಟ್ಟರೆ ಉಳಿಯುವುದು 4 ಲೀಟರ್. ಅಷ್ಟಕ್ಕೆ ಹೊಸದು ಬೇಡ. ಎಂಜಿನ್ ಆಫ್ ಇಟ್ಟು ಹಗ್ಗ ಎಳೆದು ನೋಡಿ. ಕೈಗೆ ಬಿಗಿ ಸಿಗದೆ ಸುಮ್ನೆ ಸಲೀಸಾಗಿ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆಗ ರಿಂಗ್ ಹಾಕಿಸುವ ಖರ್ಚು ಕೇಳಿ, ಹೊಸದರ ಬೆಲೆ ಆಮೇಲೆ ವಿಚಾರಿಸಿ.