ಗುಳ್ಳೆ ನಿಂತಿದ್ದಕ್ಕೇ ಬಾಟಲಿಗೆ ತುಂಬಬೇಡಿ

ಮೊದಲ ಸಲ ಕಿಟ್ ತಂದು ಬಿಯರ್ ಮಾಡುತ್ತಿದ್ದೀರಿ, ನಾಲ್ಕನೇ ದಿನಕ್ಕೇ ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬರದಂತೆ ತಡೆಯುವ, ಮುಚ್ಚಳದ ಮೇಲಿನ ನೀರಿನ ಕೊಳವೆ) ಗುಳ್ಳೆ ಬರೋದು ನಿಂತಿದೆ, ಬಾಟಲಿಗೆ ತುಂಬಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ.

ಗುಳ್ಳೆಯನ್ನು ನಂಬಬೇಡಿ. ಬಕೆಟ್ಟಿನ ಮುಚ್ಚಳ ಒಂಚೂರು ಸಡಿಲ ಇದ್ದರೂ ಗ್ಯಾಸ್ ಅಲ್ಲಿಂದಲೇ ಹೋಗುತ್ತದೆ, ಏರ್‌ಲಾಕ್ ಸುಮ್ನೆ ಕೂತಿರುತ್ತದೆ. ಹೈಡ್ರೋಮೀಟರ್, ಅಂದರೆ ಬಿಯರಿನಲ್ಲಿ ಸಕ್ಕರೆ ಎಷ್ಟು ಉಳಿದಿದೆ ಅಂತ ಸಾಂದ್ರತೆಯ ಅಂಕಿಯಲ್ಲಿ ತೋರಿಸುವ ಗಾಜಿನ ತೇಲುಕಡ್ಡಿ, ಇದೆಯಲ್ವಾ? ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ. ನಲ್ಲಿಯಿಂದ ಸ್ವಲ್ಪ ಬಿಯರ್ ಉದ್ದನೆಯ ಜಾಡಿಗೆ ಹಿಡಿದು, ಹೈಡ್ರೋಮೀಟರನ್ನು ಒಮ್ಮೆ ಗಿರಗಿರ ತಿರುಗಿಸಿ ಬಿಡಿ. ಅದಕ್ಕೆ ಅಂಟಿದ ಗುಳ್ಳೆಗಳು ಬಿಟ್ಟುಕೊಂಡ ಮೇಲೆ ಅಂಕಿ ಓದಿ. ಅದು 1.010ರ ಆಸುಪಾಸಿನಲ್ಲಿದ್ದು, ಎರಡು ದಿನ ಬಿಟ್ಟು ನೋಡಿದಾಗಲೂ ಅಲ್ಲೇ ಇದ್ದರೆ ಹುದುಗುವುದು ಮುಗಿದಿದೆ. 1.020ರಲ್ಲೇ ನಿಂತಿದ್ದರೆ ತಣ್ಣಗಿನ ಜಾಗದಲ್ಲಿ ಯೀಸ್ಟ್ ಮಂಕಾಗಿರಬಹುದು. ಬಕೆಟ್ಟನ್ನು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಟ್ಟು ಕಾಯಿರಿ. ಜಾಡಿಗೆ ಹಿಡಿದದ್ದನ್ನು ವಾಪಸ್ ಸುರಿಯಬೇಡಿ, ಕುಡಿದು ನೋಡಿ. ಚಪ್ಪೆ ಇರುತ್ತದೆ, ತೊಂದರೆಯಿಲ್ಲ.

ಇಷ್ಟು ಒತ್ತಿ ಹೇಳೋದು ಯಾಕೆಂದರೆ, ಸಕ್ಕರೆ ಉಳಿದಿರುವಾಗಲೇ ಮುಚ್ಚಿದರೆ ಒಳಗೆ ಗ್ಯಾಸ್ ಜಾಸ್ತಿಯಾಗಿ ಗಾಜಿನ ಬಾಟಲಿ ಸಿಡಿಯಬಹುದು. ಸುಮ್ನೆ ಹೆದರಿಸುತ್ತಿಲ್ಲ. ಬಾಟಲಿಯಲ್ಲಿ ಬಿಯರಿಗೆ ಗ್ಯಾಸ್ ಹಿಡಿಯೋಕೆ, ತುಂಬುವಾಗ ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು. ತೂಕ ಮಾಡಿಯೇ ಹಾಕಿ, ಚಮಚದ ಲೆಕ್ಕದಲ್ಲಿ ಜಾಸ್ತಿ ಆಗಿಬಿಡುತ್ತದೆ. ಬಾಟಲಿ, ಪೈಪು, ಮುಚ್ಚಳ ಎಲ್ಲ ತೊಳೆದು ಸ್ಯಾನಿಟೈಸರ್‌ನಲ್ಲಿ ಅದ್ದಿ. ತುಂಬಿದ ಮೇಲೆ ಎರಡು ವಾರ ಹೊರಗೇ ಇಡಿ, ಫ್ರಿಜ್ಜು ಆಮೇಲೆ.

ಅಂದಹಾಗೆ, ನಿಮ್ಮದು ಲಾಗರ್ ಯೀಸ್ಟ್ ಇರುವ ಕಿಟ್ ಆದರೆ ಈ 20 ಡಿಗ್ರಿಯ ಲೆಕ್ಕ ಬೇರೆ. ಅದು ತಣ್ಣಗೆ, ನಿಧಾನಕ್ಕೆ ಹುದುಗುತ್ತದೆ. ಪೊಟ್ಟಣದ ಮೇಲೆ ಬರೆದ ಡಿಗ್ರಿ ನೋಡಿಕೊಳ್ಳಿ.